ನಮ್ಮ ಮಕ್ಕಳನ್ನು ತೂಗುವ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ಕಲಬುರಗಿಯ ಗಂಜಿನಲ್ಲಿ ಕಿರಾಣಿ ಅಂಗಡಿ ಇಟ್ಟವರಿಗೆಲ್ಲ ತಕ್ಕಡಿಯ ಕಾನೂನು ಗೊತ್ತು. ಕಾಲಕಾಲಕ್ಕೆ ತೂಕದ ಕಲ್ಲನ್ನೂ ತಕ್ಕಡಿಯನ್ನೂ ಸರ್ಕಾರದ ಅಧಿಕಾರಿಗೆ ತೋರಿಸಬೇಕು, ಶುಲ್ಕ ತೆರಬೇಕು, ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ಅರ್ಧ ಕಿಲೋ ತೊಗರಿಬೇಳೆ ತೂಗಿ ಸಿಕ್ಕಿಬಿದ್ದರೆ ದಂಡ ತಪ್ಪದು. ಈ ಕಾನೂನಿನ ಹೆಸರಿನಲ್ಲಿ ಸಣ್ಣ ವ್ಯಾಪಾರಿಗೆ ಕೊಡುವ ಕಿರುಕುಳದ ಮಾತು ಬೇರೆ. ಕಾನೂನಿನ ತತ್ತ್ವ ಮಾತ್ರ ನ್ಯಾಯವಾದುದೇ. ಕೊಳ್ಳುವವನು ತಕ್ಕಡಿಯ ಒಳಗನ್ನು ಬಿಚ್ಚಿ ನೋಡಲಾರನು. ಆದುದರಿಂದ ಅವನ ಪರವಾಗಿ ಸರ್ಕಾರ ನೋಡಬೇಕು, ನೋಡಿದ್ದಕ್ಕೆ ಗುರುತನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕು.

ಬೇಳೆಗಿಂತ ಬೆಲೆಯುಳ್ಳ ವಸ್ತುವೊಂದನ್ನು ಇಂದು ಯಾರೂ ಒಳಗು ಕಾಣದ ತಕ್ಕಡಿಯಲ್ಲಿ ತೂಗಲಾಗುತ್ತಿದೆ. ಆ ವಸ್ತು ನಮ್ಮ ಮಕ್ಕಳ ಯೋಗ್ಯತೆ. ಕಾಲೇಜಿನ ಸೀಟು, ರೈಲ್ವೆಯ ಕೆಲಸ, ಬ್ಯಾಂಕಿನ ಕೆಲಸ, ಕೇಂದ್ರ ಸರ್ಕಾರದ ಗುಮಾಸ್ತಗಿರಿ ಎಲ್ಲಕ್ಕೂ ಈಗ ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆ ಕೊಡಬೇಕು. ಪ್ರಶ್ನೆ ಬರುವುದು ಪರದೆಯ ಮೇಲೆ, ಉತ್ತರ ಹೋಗುವುದು ತಂತಿಯ ಮೇಲೆ, ಅಂಕ ಇಳಿಯುವುದು ಮೋಡದಿಂದ. ಈ ಯಂತ್ರಗಳ ಪರಿಶೀಲನೆಯೇ ನಡೆಯುವುದಿಲ್ಲವೆಂದು ನಾವು ಹೇಳುವುದಿಲ್ಲ. ಟೆಂಡರಿನ ಕಾಗದಗಳಲ್ಲಿ ಅದೆಲ್ಲ ಬರೆದಿರಬಹುದು. ಆದರೆ ಅಂಗಡಿಯ ತಕ್ಕಡಿಯ ಮೇಲಿನ ಮುದ್ರೆ ಗಿರಾಕಿಯ ಕಣ್ಣಿಗೆ ಕಾಣುತ್ತದೆ. ಈ ತಕ್ಕಡಿಯ ಮುದ್ರೆ ತೂಗಿಸಿಕೊಳ್ಳುವ ಹುಡುಗನಿಗೂ ಅವನ ತಂದೆಗೂ ಕಾಣುವುದಿಲ್ಲ. ನಮ್ಮ ತಗಾದೆ ಇದೇ.

ಈ ತಕ್ಕಡಿಗಳನ್ನು ತಯಾರಿಸುವುದು ಈಗ ದೊಡ್ಡ ವ್ಯಾಪಾರ. ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೈಸೂರಿನ ಎಕ್ಸೆಲ್‌ಸಾಫ್ಟ್ ಟೆಕ್ನಾಲಜೀಸ್ ಎಂಬ ಕಂಪನಿ 2000ನೆಯ ಇಸವಿಯಲ್ಲಿ ಆರಂಭವಾಯಿತು. ಕಲಿಕೆಗೂ ಪರೀಕ್ಷೆಗೂ ಬೇಕಾದ ಕಂಪ್ಯೂಟರ್ ಸಾಧನಗಳನ್ನು ಮಾಡಿ ಮಾರುವುದು ಅದರ ಕಸುಬು. ಅದರ ಮುಖ್ಯ ಸರಕಿನ ಹೆಸರು 'ಸರಸ್'. ಆಳಂದ ತಾಲ್ಲೂಕಿನ ನಮ್ಮ ಸರಸಂಬಾಕ್ಕೂ ಈ ಸರಸ್‌ಗೂ ಹೆಸರಿನ ಹೋಲಿಕೆಯ ಹೊರತು ನಂಟಿಲ್ಲ. 'ಈಸಿಪ್ರಾಕ್ಟರ್' ಎಂಬ ಇನ್ನೊಂದು ಸರಕು ದೂರದಲ್ಲಿ ಕುಳಿತು ಪರೀಕ್ಷೆ ಬರೆಯುವವನನ್ನು ಕ್ಯಾಮೆರಾದ ಮೂಲಕ ಕಾಯುತ್ತದೆ. 2025ರ ನವೆಂಬರಿನಲ್ಲಿ ಈ ಕಂಪನಿ 500 ಕೋಟಿ ರೂಪಾಯಿಯ ಷೇರುಗಳನ್ನು ಪೇಟೆಗೆ ಬಿಟ್ಟಿತು. ಅದರಲ್ಲಿ 180 ಕೋಟಿ ಹೊಸ ಬಂಡವಾಳ. 320 ಕೋಟಿ ಹಳೆಯ ಪಾಲುದಾರರು ತಮ್ಮ ಪಾಲು ಮಾರಿ ಪಡೆದದ್ದು. ಕಂಪನಿಯ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಒಂದೇ ಗಿರಾಕಿಯಿಂದ, ಲಂಡನ್ನಿನ ಪಿಯರ್ಸನ್ ಬಳಗದಿಂದ.

ಈ ಕಂಪನಿಯ ಮೇಲೆ ನಮ್ಮ ದೂರೇನೂ ಇಲ್ಲ. ಅಲ್ಲಿ ದುಡಿಯುವ ತಾಂತ್ರಿಕರು ನಮ್ಮ ನಾಡಿನ ಬುದ್ಧಿವಂತ ಮಕ್ಕಳು. ನಾವು ತೋರಿಸಬೇಕೆಂದಿರುವುದು ಈ ವ್ಯಾಪಾರದ ಜಾಯಮಾನವನ್ನು. ಅಂಗಡಿಯವನು ಗಿರಾಕಿಗೆ ಉತ್ತರ ಹೇಳಬೇಕು. ಕೊಟ್ಟ ಬೇಳೆಯಲ್ಲಿ ಹುಳ ಬಿದ್ದಿದ್ದರೆ ಗಿರಾಕಿ ನಾಳೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಪರೀಕ್ಷೆಯ ವ್ಯಾಪಾರದಲ್ಲಿ ಗಿರಾಕಿ ಯಾರು? ಮಂಡಳಿ, ವಿಶ್ವವಿದ್ಯಾಲಯ, ನೇಮಕಾತಿ ಆಯೋಗ. ಪರೀಕ್ಷೆ ಕೊಡುವ ಹುಡುಗ ಗಿರಾಕಿಯಲ್ಲ. ಅರ್ಜಿಯ ಶುಲ್ಕ ಅವನ ಕಿಸೆಯಿಂದ ಹೋದರೂ ಕಂಪನಿಯನ್ನು ಆರಿಸುವ ಹಕ್ಕು ಅವನಿಗಿಲ್ಲ, ಬಿಟ್ಟು ಹೋಗುವ ಹಕ್ಕೂ ಇಲ್ಲ. ಅವನು ತಕ್ಕಡಿಯ ತಟ್ಟೆಯಲ್ಲಿ ಕುಳಿತ ಸರಕು. ಸರಕು ಮಾತನಾಡಿದರೆ ಕೇಳುವವರು ಯಾರು?

ಈ ಮಾತೆತ್ತಿದೊಡನೆ ಆಳುವವರು ನಮ್ಮ ಬಾಯಿ ಮುಚ್ಚಿಸಲು ನಮ್ಮ ಜಿಲ್ಲೆಯ ಹೆಸರನ್ನೇ ಹೇಳುತ್ತಾರೆ. "ಕಲಬುರಗಿಯವರೇ, ಪಿ.ಎಸ್.ಐ. ಪರೀಕ್ಷೆಯಲ್ಲಿ ನಿಮ್ಮಲ್ಲಿ ಏನಾಯಿತು? ಕಾಗದದ ಪರೀಕ್ಷೆ ಕಳ್ಳರ ಪರೀಕ್ಷೆ. ಕಂಪ್ಯೂಟರ್ ಬಂದರೆ ಕಳ್ಳತನ ನಿಲ್ಲುತ್ತದೆ" ಎನ್ನುತ್ತಾರೆ. ಈ ವಾದಕ್ಕೆ ಬೆನ್ನು ತಿರುಗಿಸದೆ ಎದುರಿಗೇ ಉತ್ತರ ಕೊಡೋಣ.

2021ರ ಅಕ್ಟೋಬರ್ 3ರಂದು 545 ಪಿ.ಎಸ್.ಐ. ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಯುವಕ ಯುವತಿಯರು ಬರೆದರು. ಕಲಬುರಗಿಯ ಖಾಸಗಿ ಶಾಲೆಯೊಂದರ ಕೇಂದ್ರದಲ್ಲಿ ಖಾಲಿ ಬಿಟ್ಟ ಉತ್ತರಪತ್ರಿಕೆಗಳನ್ನು ಆಮೇಲೆ ತುಂಬಲಾಯಿತೆಂಬ ಆರೋಪ ಎದ್ದಿತು. ತನಿಖೆ ಬೆಂಗಳೂರಿನವರೆಗೆ ಹೋಯಿತು. 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದಾಯಿತು. ಅದೇ ಜುಲೈನಲ್ಲಿ, ನೇಮಕಾತಿ ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರನ್ನೇ ಬಂಧಿಸಲಾಯಿತು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯ ಹೇಳಲಿ. ನಾವು ಕೇಳುವುದಿಷ್ಟೇ: ಬೀಗದ ಕೈ ಇಟ್ಟುಕೊಂಡವರ ಮೇಲೆಯೇ ಆರೋಪ ಬಂದಾಗ, ಬೀಗ ಕಬ್ಬಿಣದ್ದೋ ಕಂಪ್ಯೂಟರಿನದ್ದೋ ಎಂಬುದರಿಂದ ಏನು ಆಗಬೇಕಾಗಿದೆ?

ಇನ್ನೂ ಒಂದು ಸಂಗತಿಯಿದೆ. ಅದನ್ನು ಆಳುವವರು ನೆನಪಿಸುವುದಿಲ್ಲ. ಈ ಹಗರಣ ಬೀದಿಗೆ ಬಿದ್ದದ್ದು ಹೇಗೆ? ಎರಡನೆಯ ಪತ್ರಿಕೆಯಲ್ಲಿ 21 ಪ್ರಶ್ನೆಗಳಿಗಷ್ಟೇ ಗುರುತು ಹಾಕಿದ್ದ ಅಭ್ಯರ್ಥಿಯೊಬ್ಬನಿಗೆ 121 ಅಂಕ ಬಂದಿದೆಯೆಂಬ ಸುದ್ದಿ ಹೊರಬಿತ್ತು. ಆ ಉತ್ತರಪತ್ರಿಕೆಗೆ ಕಾರ್ಬನ್ ಪ್ರತಿ ಇರುತ್ತದೆ. ಮೂಲ ಸರ್ಕಾರದ ಬಳಿಗೆ ಹೋಗುತ್ತದೆ, ಪ್ರತಿ ಬರೆದವನ ಕೈಯಲ್ಲಿ ಉಳಿಯುತ್ತದೆ. ಸಿ.ಐ.ಡಿ.ಯವರು ಆಯ್ಕೆಯಾದವರನ್ನು ಕರೆಸಿ ಮೊದಲು ಕೇಳಿದ್ದು ಆ ಕಾರ್ಬನ್ ಪ್ರತಿಯನ್ನು. ಕಳ್ಳರು ಮೂಲವನ್ನು ತಿದ್ದಬಲ್ಲರು. ಸಾವಿರಾರು ಮನೆಗಳಲ್ಲಿ ಮಡಿಸಿಟ್ಟ ಪ್ರತಿಗಳನ್ನು ತಿದ್ದಲಾರರು. ಬಡವನ ಕೈಯಲ್ಲಿ ಉಳಿದ ಒಂದು ತೆಳ್ಳನೆಯ ಹಾಳೆ ಇಷ್ಟು ದೊಡ್ಡವರನ್ನು ನಡುಗಿಸಿತು. ಗಂಜಿನಲ್ಲಿ ತೊಗರಿ ತಂದ ರೈತನಿಗೆ ತೂಕದ ಪಟ್ಟಿ ಎಷ್ಟು ಮುಖ್ಯವೋ ಪರೀಕ್ಷೆ ಬರೆದವನಿಗೆ ಈ ಹಾಳೆ ಅಷ್ಟೇ ಮುಖ್ಯ.

ಕಂಪ್ಯೂಟರ್ ಪರೀಕ್ಷೆ ಮುಗಿಸಿ ಎದ್ದವನ ಕೈಯಲ್ಲಿ ಏನಿರುತ್ತದೆ? ಪ್ರವೇಶಪತ್ರ ಮತ್ತು ಬಸ್ಸಿನ ಟಿಕೀಟು. ಕೆಲವು ದಿನಗಳಾದ ಮೇಲೆ 'ನೀನು ಕೊಟ್ಟ ಉತ್ತರಗಳು ಇವು' ಎಂದು ಒಂದು ಪಟ್ಟಿಯನ್ನು ಅವರೇ ತೋರಿಸುತ್ತಾರೆ. ಅದು ಅವರದೇ ಖಾತೆಯ ಪುಸ್ತಕದಿಂದ ಇಳಿಸಿದ್ದು. ಸಾಹುಕಾರನ ಪುಸ್ತಕದಲ್ಲಿ ಬರೆದ ಸಾಲವನ್ನು ಸಾಹುಕಾರನ ಪುಸ್ತಕದಿಂದಲೇ ಸುಳ್ಳೆಂದು ತೋರಿಸುವುದು ಹೇಗೆ? ಸರಿಯುತ್ತರದ ಪಟ್ಟಿಯಲ್ಲಿ ತಪ್ಪು ಕಂಡರೆ ಆಕ್ಷೇಪಿಸಬಹುದು, ನಿಜ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಅದಕ್ಕೆ ಪ್ರಶ್ನೆಯೊಂದಕ್ಕೆ 200 ರೂಪಾಯಿ ಕೇಳುತ್ತ ಬಂದಿದೆ. ಬೇಳೆ ಗಿರಣಿಯ ಹಮಾಲನು ಆ 200 ರೂಪಾಯಿಗೆ ಎಷ್ಟು ಮೂಟೆ ಹೊರಬೇಕೆಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ. ತಪ್ಪು ಮಾಡಿದವರು ದುಡ್ಡು ಕೊಡಬೇಕೋ ತಪ್ಪು ತೋರಿಸಿದವರು ಕೊಡಬೇಕೋ?

ಕಂಪ್ಯೂಟರ್ ಬಂದರೆ ಕಳ್ಳತನ ನಿಲ್ಲುತ್ತದೆಯೆಂಬ ಮಾತೂ ಪೊಳ್ಳು. 2021ರ ಜೆ.ಇ.ಇ. ಮೇನ್ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯಿತು. ಹರಿಯಾಣದ ಸೋನೆಪತ್‌ನ ಕೇಂದ್ರದ ಕಂಪ್ಯೂಟರುಗಳಿಗೆ ದೂರದಿಂದಲೇ ಕೈ ಹಾಕಿ, ದುಡ್ಡು ಕೊಟ್ಟವರ ಪರವಾಗಿ ಉತ್ತರ ತುಂಬಲಾಯಿತೆಂಬುದು ಸಿ.ಬಿ.ಐ. ಹೂಡಿದ ಮೊಕದ್ದಮೆ. ಯಂತ್ರಾಂಶವನ್ನು ಭೇದಿಸಿಕೊಟ್ಟನೆಂಬ ಆರೋಪದ ಮೇಲೆ ರಷ್ಯಾ ದೇಶದವನೊಬ್ಬನನ್ನು 2022ರ ಅಕ್ಟೋಬರಿನಲ್ಲಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ಹಿಡಿದರು. ಕಾಗದದ ಕಾಲದಲ್ಲಿ ಕಳ್ಳನು ನಮ್ಮ ಜಿಲ್ಲೆಗೆ ಬಂದು ಕೊಠಡಿಯೊಳಗೆ ಕೂರಬೇಕಾಗಿತ್ತು. ಈಗ ಆ ತೊಂದರೆಯೂ ಅವನಿಗಿಲ್ಲ.

ಆಳಂದ ತಾಲ್ಲೂಕಿನವರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದ ಮತದಾರರ ಹೆಸರು ತೆಗೆಯುವಂತೆ ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು ಕೇವಲ 24. ಉಳಿದ 5,994 ತಿರಸ್ಕೃತವಾದವು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಅದರ ಸುಳಿವಿರಲಿಲ್ಲ. ಅರ್ಜಿಯೊಂದಕ್ಕೆ 80 ರೂಪಾಯಿ ಕೂಲಿ ಕೊಟ್ಟು ಈ ಕೆಲಸ ಮಾಡಿಸಲಾಗಿದೆಯೆಂದು ವಿಶೇಷ ತನಿಖಾ ತಂಡ ಕಂಡುಕೊಂಡಿರುವುದಾಗಿ 2025ರ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಬಂತು. ಈ ಮೋಸಕ್ಕೆ ತಡೆ ಹಾಕಿದ್ದು ಯಾವುದು? ಹಳ್ಳಿಯಲ್ಲಿ ಮನೆಮನೆ ತಿರುಗಿ 'ನೀನು ಇಲ್ಲೇ ಇದ್ದೀಯಲ್ಲ' ಎಂದು ನೋಡಿದ ಮನುಷ್ಯರು. ಯಂತ್ರ ಮೋಸ ಹೋದಲ್ಲಿ ಮನುಷ್ಯ ಕಾಪಾಡಿದ. ಪರೀಕ್ಷೆಯಿಂದ ಆ ಮನುಷ್ಯನನ್ನೇ ಹೊರದೂಡುವ ಸನ್ನಾಹ ಈಗ ನಡೆದಿದೆ.

ಇನ್ನು ದೂರದ ಮಾತು. ಕರ್ನಾಟಕದ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಸರಸಂಬಾದ ಹುಡುಗಿಗೆ ಅದು ಸ್ವಂತ ತಾಲ್ಲೂಕಿನ ವಿಶ್ವವಿದ್ಯಾಲಯ. ಆದರೆ 2022ರಿಂದ ಅಲ್ಲಿ ಪದವಿಗೆ ಸೇರಬೇಕಾದರೆ ದೆಹಲಿಯವರು ನಡೆಸುವ ಕೇಂದ್ರೀಯ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಮೊದಲ ವರ್ಷವೇ, ಆಗಸ್ಟಿನಲ್ಲಿ, ಹಲವು ರಾಜ್ಯಗಳ ಕೇಂದ್ರಗಳಲ್ಲಿ ಯಂತ್ರ ಕೈಕೊಟ್ಟು ಪರೀಕ್ಷೆ ಮುಂದೆ ಹೋಯಿತು. ಬಂದವರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದರು. 2025ರ ಜುಲೈ ಕೊನೆಯಲ್ಲಿ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಯಲ್ಲೂ ಅದೇ ಕತೆ: ಗುತ್ತಿಗೆದಾರ ಬದಲಾದ, ಕಂಪ್ಯೂಟರುಗಳು ನಿಂತವು, ಕೇಂದ್ರಗಳು ನೂರಾರು ಮೈಲಿ ದೂರ ಬಿದ್ದವು, ಕೆಲವೆಡೆ ಪರೀಕ್ಷೆ ರದ್ದಾಯಿತು. ದೆಹಲಿಯಲ್ಲಿ ಪ್ರತಿಭಟಿಸಿದ ಅಭ್ಯರ್ಥಿಗಳ ಮೇಲೂ ಶಿಕ್ಷಕರ ಮೇಲೂ ಪೊಲೀಸರು ಬಲಪ್ರಯೋಗ ಮಾಡಿದರು. ನಮ್ಮ ಪಿ.ಎಸ್.ಐ. ಮರುಪರೀಕ್ಷೆಯಲ್ಲಾದರೂ ನ್ಯಾಯ ಸಿಕ್ಕಿತೆ? 2024ರ ಜನವರಿ 23ರಂದು ಅದನ್ನು ನಡೆಸಿದ್ದು ಬೆಂಗಳೂರಿನಲ್ಲಿ. ಕಳ್ಳತನ ಮಾಡಿದವರು ಬೆರಳೆಣಿಕೆಯವರು. ರಾತ್ರಿಯಿಡೀ ರೈಲಿನಲ್ಲಿ ನಿಂತು ಹೋಗುವ ಶಿಕ್ಷೆ ಜಿಲ್ಲೆಯ ಪ್ರಾಮಾಣಿಕ ಹುಡುಗರಿಗೆಲ್ಲ!

ಕಂಪ್ಯೂಟರುಗಳು ಸಾಲದಿರುವುದರಿಂದ ಪರೀಕ್ಷೆಯನ್ನು ಪಾಳಿಯಲ್ಲಿ ನಡೆಸುತ್ತಾರೆ. ಗಿರಣಿಯವರಿಗೆ ಪಾಳಿ ಹೊಸದಲ್ಲ. ಆದರೆ ಇಲ್ಲಿ ಬೆಳಗಿನ ಪಾಳಿಗೆ ಒಂದು ಪ್ರಶ್ನೆಪತ್ರಿಕೆ, ಮಧ್ಯಾಹ್ನದ ಪಾಳಿಗೆ ಇನ್ನೊಂದು. ಒಂದು ಕಠಿಣವಾದೀತು, ಇನ್ನೊಂದು ಸುಲಭವಾದೀತು. ಹಾಗಾಗಿ ಬಂದ ಅಂಕವನ್ನು ಬಂದಂತೆ ಇಡದೆ, ನಿನ್ನ ಪಾಳಿಯಲ್ಲಿ ನೂರರಲ್ಲಿ ಎಷ್ಟು ಜನ ನಿನಗಿಂತ ಹಿಂದಿದ್ದಾರೆಂದು ನೋಡಿ ಸೂತ್ರದಿಂದ ಸರಿದೂಗಿಸುತ್ತಾರೆ. ಎರಡು ಬೇರೆ ತಕ್ಕಡಿಗಳಲ್ಲಿ ತೂಗಿ, ಆಮೇಲೆ ಒಳಮನೆಯಲ್ಲಿ ಕುಳಿತು ತೂಕ ಸರಿಮಾಡಿದೆವು ಎನ್ನುವ ವ್ಯಾಪಾರಿಯನ್ನು ನಾವು ನಂಬುತ್ತೇವೆಯೆ? 2024ರ ನವೆಂಬರಿನಲ್ಲಿ ಪ್ರಯಾಗರಾಜದಲ್ಲಿ ಸಾವಿರಾರು ಅಭ್ಯರ್ಥಿಗಳು ಉತ್ತರ ಪ್ರದೇಶದ ಲೋಕಸೇವಾ ಆಯೋಗದ ಬಾಗಿಲಲ್ಲಿ ಹಗಲಿರುಳು ಕುಳಿತು ಇದನ್ನೇ ಕೇಳಿದರು. ನಾಲ್ಕನೆಯ ದಿನ ಆಯೋಗ ಮಣಿದು, ಪ್ರಾಂತೀಯ ಸೇವೆಗಳ ಪೂರ್ವಭಾವಿ ಪರೀಕ್ಷೆಯನ್ನು ಒಂದೇ ದಿನ ನಡೆಸಲು ಒಪ್ಪಿತು. ಕುಳಿತರೆ ಗೆಲ್ಲಬಹುದೆಂಬುದಕ್ಕೆ ಇದು ಸಾಕ್ಷಿ.

ಭಾಷೆಯ ಅನ್ಯಾಯವನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವಾಗದಷ್ಟು ಕೆಟ್ಟಿದ್ದವು. ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಎಳೆದು ತಂದ ಫಲ ಅದು. ಕೂಗೆದ್ದ ಮೇಲೆ ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಆಜ್ಞೆ ಮಾಡಿದರು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳು ಮರುಕಳಿಸಿದವು. ಕನ್ನಡದ ರಾಜ್ಯದಲ್ಲಿ, ಕಾಗದದ ಮೇಲೆ, ಕನ್ನಡದವರೇ ನಡೆಸಿದ ಪರೀಕ್ಷೆಗೆ ಈ ಗತಿಯಾದರೆ, ಲಂಡನ್ನಿನ ಗಿರಾಕಿಗಾಗಿ ಇಂಗ್ಲಿಷಿನಲ್ಲಿ ಹುಟ್ಟಿದ ಯಂತ್ರ ಸರಸಂಬಾದ ಕನ್ನಡ ಶಾಲೆಯ ಮಗುವಿನ ಉತ್ತರವನ್ನು ಹೇಗೆ ಓದೀತು?

ಕೊನೆಯದು ಮನೆಯೊಳಗಿನ ಕ್ಯಾಮೆರಾ. ಮನೆಯಲ್ಲೇ ಕುಳಿತು ಬರೆಯುವ ಪರೀಕ್ಷೆಗೆ ಇವರು ಹಾಕುವ ಕಟ್ಟಳೆ ನೋಡಿ: ಕೋಣೆಯಲ್ಲಿ ಮತ್ತೊಬ್ಬರು ಇರಕೂಡದು, ಸದ್ದು ಬರಕೂಡದು, ಬೆಳಕು ಸಾಲದಾಗಕೂಡದು, ಕಣ್ಣು ಪರದೆಯಿಂದ ಆಚೀಚೆ ಹೋಗಕೂಡದು. ಒಂದೇ ಕೋಣೆಯಲ್ಲಿ ಆರು ಜನ ಬಾಳುವ ಮನೆಯಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ವಿದ್ಯುತ್ತು ಹೋಗುವ ಊರಿನಲ್ಲಿ, ತೊಟ್ಟಿಲ ಕೂಸು ಅತ್ತರೂ ಯಂತ್ರ ಅನುಮಾನದ ಗುರುತು ಹಾಕುತ್ತದೆ. ಅಂದರೆ ಬಡತನವೇ ನಕಲಿನ ಸಾಕ್ಷಿ! ಅಮೆರಿಕದ ಓಹಾಯೋದಲ್ಲಿ ವಿದ್ಯಾರ್ಥಿಯೊಬ್ಬನು ಇದನ್ನು ನ್ಯಾಯಾಲಯಕ್ಕೆ ಒಯ್ದನು. ಪರೀಕ್ಷೆಗೆ ಮುಂಚೆ ಕೋಣೆಯನ್ನು ಕ್ಯಾಮೆರಾದಿಂದ ಶೋಧಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 2022ರ ಆಗಸ್ಟಿನಲ್ಲಿ ಅಲ್ಲಿನ ನ್ಯಾಯಾಧೀಶರು ತೀರ್ಪಿತ್ತರು. ಸಾಹುಕಾರರ ದೇಶವೇ ಒಪ್ಪದ ಶೋಧನೆಯನ್ನು ನಾವೇಕೆ ಒಪ್ಪಬೇಕು?

ಕ್ಯಾಮೆರಾದ ಮೇಲೆ ಸರ್ಕಾರಕ್ಕಿರುವ ಮೋಹ ನಮ್ಮ ಜಿಲ್ಲೆಗೆ ಏನು ತಂದಿತೆಂಬುದನ್ನೂ ನೋಡೋಣ. 2024ರಲ್ಲಿ ಎಸ್.ಎಸ್.ಎಲ್.ಸಿ. ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ನೇರ ಕಾವಲು ಆರಂಭಿಸಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೆಯೂ 73.40ಕ್ಕೆ ಬಿತ್ತು. 2025ರಲ್ಲಿ ಆ ಕೃಪಾಂಕವನ್ನು ತೆಗೆದರು. ದಕ್ಷಿಣ ಕನ್ನಡಕ್ಕೆ ಶೇಕಡಾ 91.12, ಕಲಬುರಗಿಗೆ 42.43, ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನ. ನಕಲು ನಿಂತದ್ದು ಒಳ್ಳೆಯದೇ. ನಾವು ನಕಲಿನ ಪಕ್ಷದವರಲ್ಲ. ಆದರೆ ಕ್ಯಾಮೆರಾ ರೋಗವನ್ನು ತೋರಿಸಿತು, ಔಷಧಿ ಎಲ್ಲಿ? ಗಣಿತದ ಮಾಸ್ತರರಿಲ್ಲದ ಶಾಲೆಗೆ ಕ್ಯಾಮೆರಾ ಹೋಯಿತು, ಮಾಸ್ತರರು ಹೋಗಲಿಲ್ಲ. ಕ್ಯಾಮೆರಾ ಕೊಳ್ಳುವುದಕ್ಕೆ ಟೆಂಡರು ಇದೆ, ಟೆಂಡರಿನಲ್ಲಿ ಲಾಭವಿದೆ. ಮಾಸ್ತರರ ಸಂಬಳದಲ್ಲಿ ಯಾರಿಗೂ ಕಮಿಷನ್ ಇಲ್ಲ. ಪದೇಪದೇ ತೂಗುವುದರಿಂದ ಮೇವಿಲ್ಲದ ಕರು ಕೊಬ್ಬುವುದಿಲ್ಲ.

ನಾವು ಯಂತ್ರದ ವೈರಿಗಳೆಂದು ಯಾರೂ ತಿಳಿಯಬೇಕಾಗಿಲ್ಲ. ಗಿರಣಿಯಲ್ಲಿ ದುಡಿಯುವವನಿಗೆ ಯಂತ್ರದ ಉಪಯೋಗ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಕಣ್ಣು ಕಾಣದ ವಿದ್ಯಾರ್ಥಿಗೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರು ದೊಡ್ಡ ಉಪಕಾರ. ತಿಂಗಳುಗಟ್ಟಲೆ ಕಾಯುವ ಫಲಿತಾಂಶ ವಾರದಲ್ಲಿ ಬಂದರೆ ಯಾರು ಬೇಡವೆಂದಾರು? ಗಿರಣಿಯಲ್ಲಿ ನಮ್ಮ ಜಗಳ ಯಂತ್ರದೊಡನೆ ಇರಲಿಲ್ಲ, ಅದರ ಒಡೆತನದೊಡನೆ ಇತ್ತು. ಇಲ್ಲಿಯೂ ಅಷ್ಟೇ. ನಮ್ಮ ಬೇಡಿಕೆಗಳು ಇವು.

ಮೊದಲನೆಯದು, ಸರ್ಕಾರಿ ಪರೀಕ್ಷೆಗೆ ಬಳಸುವ ಪ್ರತಿಯೊಂದು ಯಂತ್ರವ್ಯವಸ್ಥೆಯನ್ನೂ ಕಂಪನಿಗೆ ಸಂಬಂಧವಿಲ್ಲದ ಸಾರ್ವಜನಿಕ ಅಧಿಕಾರಿ ಪರೀಕ್ಷಿಸಬೇಕು. ಆ ವರದಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಅಂಗಡಿಯ ತಕ್ಕಡಿಗೆ ಇರುವ ಕಾನೂನು ಕಂಪನಿಯ ತಕ್ಕಡಿಗೂ ಇರಬೇಕು. ಎರಡನೆಯದು, ಕೊಠಡಿಯಿಂದ ಏಳುವ ಮುಂಚೆ ಪ್ರತಿ ಅಭ್ಯರ್ಥಿಗೂ ಅವನ ಉತ್ತರಗಳ ಮುದ್ರಿತ ಪ್ರತಿ ಕೈಗೆ ಸಿಗಬೇಕು. ಆಕ್ಷೇಪಣೆಗೆ ಶುಲ್ಕ ಕೂಡದು. ಮೂರನೆಯದು, ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಸರ್ಕಾರಿ ಕಾಲೇಜುಗಳಲ್ಲೇ ಸರ್ಕಾರದ ಸ್ವಂತ ಪರೀಕ್ಷಾ ಕೇಂದ್ರಗಳನ್ನು ಕಟ್ಟಬೇಕು. 371(ಜೆ) ಬಂದು ದಶಕ ದಾಟಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣಕ್ಕೆ ಇದಕ್ಕಿಂತ ಒಳ್ಳೆಯ ವಿನಿಯೋಗ ಯಾವುದು? ಪರೀಕ್ಷೆಯಿಲ್ಲದ ದಿನಗಳಲ್ಲಿ ಆ ಕಂಪ್ಯೂಟರುಗಳಲ್ಲಿ ನಮ್ಮ ಮಕ್ಕಳು ಕಲಿಯಲಿ. ನಾಲ್ಕನೆಯದು, ರಾಜ್ಯದ ಪರೀಕ್ಷೆಗಳ ಪ್ರಶ್ನೆಗಳನ್ನು ಕನ್ನಡದಲ್ಲೇ ಮೊದಲು ಬರೆಯಬೇಕು. ಐದನೆಯದು, ಸೀಟು, ಕೆಲಸ, ವಿದ್ಯಾರ್ಥಿವೇತನಗಳ ಯಾವ ಪರೀಕ್ಷೆಗೂ ಮನೆಯೊಳಗೆ ಕ್ಯಾಮೆರಾ ಬರಕೂಡದು. ಆರನೆಯದು, ಇವೆಲ್ಲಕ್ಕೂ ಮುಂಚೆ, ಈ ಜಿಲ್ಲೆಯ ಶಾಲೆಗಳಲ್ಲಿ ಖಾಲಿ ಇರುವ ಮಾಸ್ತರರ ಹುದ್ದೆಗಳನ್ನು ತುಂಬಬೇಕು.

ಇವುಗಳಲ್ಲಿ ಯಾವುದೊಂದೂ ಆಕಾಶದ ಹಣ್ಣಲ್ಲ. ಗಿರಣಿಯ ಸಂಘಗಳೂ ಗಂಜಿನ ವ್ಯಾಪಾರಿಗಳೂ ತಂತಮ್ಮ ಸಭೆಗಳಲ್ಲಿ ಈ ಆರನ್ನು ಓದಿಸಿ, ಠರಾವು ಮಾಡಿ, ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಕೈಯಾರೆ ಕೊಡಲಿ. ಕೊಟ್ಟದ್ದಕ್ಕೆ ಪ್ರತಿಯ ಮೇಲೆ ಸಹಿ ಪಡೆಯಲು ಮರೆಯದಿರಲಿ. ಪ್ರತಿಯ ಬೆಲೆ ಏನೆಂಬುದನ್ನು ಪಿ.ಎಸ್.ಐ. ಹಗರಣ ನಮಗೆ ಕಲಿಸಿದೆ.